ರಟ್ಟಿನ ಬಂಗಲೆ ಸಾಕು, ಅಧಿಕಾರದ ಮಿತಿಯನ್ನು ಕಲಿಸೋಣ

ಸಮಾಜ ವಿಜ್ಞಾನದ ಪ್ರಾಜೆಕ್ಟ್ ಎಂದೊಡನೆ ನಮ್ಮ ಮನೆಗಳಲ್ಲಿ ರಟ್ಟು, ಥರ್ಮಾಕೋಲ್, ಗೋಂದುಗಳ ಹುಡುಕಾಟ ಆರಂಭವಾಗುತ್ತದೆ. ರಾಜ್ಯಪಾಲರ ಪಾಠವಾದರಂತೂ ಬಿಳಿ ಕಂಬಗಳ ಬಂಗಲೆಯೊಂದು ತಲೆಯೆತ್ತುತ್ತದೆ. ಅದನ್ನು ಹೆಚ್ಚಾಗಿ ಹೆತ್ತವರೇ ಅಂಟಿಸಿರುತ್ತಾರೆ. ಮಗುವಿಗೆ ಅಂಕ ಸಿಗುತ್ತದೆ, ಬಂಗಲೆ ಅಟ್ಟ ಸೇರುತ್ತದೆ. ಆದರೆ ಅದರೊಳಗಿರುವವರು ಏನು ಮಾಡಬಹುದು, ಏನು ಮಾಡಕೂಡದು ಎಂಬ ಪ್ರಶ್ನೆ ಹಾಗೆಯೇ ಉಳಿದುಬಿಡುತ್ತದೆ.

ಕೈಗೆಲಸದ ಮೂಲಕ ಕಲಿಸುವುದನ್ನು ನಾವು ವಿರೋಧಿಸುತ್ತಿಲ್ಲ. ಅಧಿಕಾರದ ವೈಭವವನ್ನಷ್ಟೇ ತೋರಿಸಿ, ಅದರ ಮಿತಿಯನ್ನು ಮರೆಮಾಚುವ ಬೋಧನೆಯನ್ನು ವಿರೋಧಿಸುತ್ತೇವೆ. ಇಂತಹ ಬೋಧನೆ ಪ್ರಜೆಗಳನ್ನಲ್ಲ, ಪರಾಕು ಹೇಳುವವರನ್ನು ರೂಪಿಸುತ್ತದೆ.

ಹರಪನಹಳ್ಳಿ ತಾಲೂಕಿನ ನೀಲಗುಂದವನ್ನೇ ತೆಗೆದುಕೊಳ್ಳಿ. ಭೀಮೇಶ್ವರ ದೇಗುಲದ ಕುಸುರಿ ಕೆತ್ತನೆಯನ್ನು ಕಂಡ ಆ ಊರಿಗೆ ಕೈಗೆಲಸದ ಮಹತ್ವವನ್ನು ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿನ ಮಕ್ಕಳು 224 ಮೆಕ್ಕೆಜೋಳದ ಕಾಳುಗಳನ್ನು ಎರಡು ಬಟ್ಟಲುಗಳಿಗೆ ಹಂಚಲಿ. ಯಾವ ಬಟ್ಟಲಿನಲ್ಲಿ 113 ಕಾಳುಗಳಿವೆಯೋ ಅದಕ್ಕೇ ಸರಕಾರ. ಎಣಿಕೆ ಎಲ್ಲರ ಕಣ್ಣೆದುರೇ ನಡೆಯಬೇಕು. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿಯವರು ಸದನದಲ್ಲಿ ಬಹುಮತ ಸಾಬೀತುಪಡಿಸಲು ಸಿದ್ಧರಿದ್ದರು. ಆದರೆ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ವರದಿಯ ಮೇಲೆ ಅವರ ಸರಕಾರ ವಜಾಗೊಂಡಿತು. ಬಹುಮತದ ಪರೀಕ್ಷೆಗೆ ಸದನವೇ ವೇದಿಕೆ ಎಂದು ಸುಪ್ರೀಂ ಕೋರ್ಟು 1994ರಲ್ಲಿ ತೀರ್ಪಿತ್ತಿತು. ಈ ಪಾಠವನ್ನು ಎರಡು ಬಟ್ಟಲುಗಳು ಕಲಿಸುವಷ್ಟು ಚೆನ್ನಾಗಿ ರಟ್ಟಿನ ಬಂಗಲೆ ಕಲಿಸಬಲ್ಲುದೇ?

ಇನ್ನು ಮೂರು ಪೆಟ್ಟಿಗೆಗಳನ್ನು ಮಾಡಿಸಿ. ಮಕ್ಕಳು ಬರೆದ ಮಸೂದೆ ಒಂದರಲ್ಲಿ ಅಂಕಿತ ಪಡೆಯಲಿ, ಇನ್ನೊಂದರಿಂದ ಮರುಪರಿಶೀಲನೆಗಾಗಿ ಸದನಕ್ಕೆ ಮರಳಲಿ, ಮತ್ತೊಂದರಿಂದ ರಾಷ್ಟ್ರಪತಿಗಳ ಬಳಿಗೆ ಹೋಗಲಿ. ಮಸೂದೆಯನ್ನು ಬೀಗ ಹಾಕಿಡುವ ನಾಲ್ಕನೆಯ ಪೆಟ್ಟಿಗೆ ಸಂವಿಧಾನದಲ್ಲಿಲ್ಲ. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ರಾಜ್ಯಪಾಲರಿಗೆ ಕಾಲಮಿತಿ ವಿಧಿಸಲು ನಿರಾಕರಿಸಿತಾದರೂ, ಮಸೂದೆಯನ್ನು ಅನಿರ್ದಿಷ್ಟ ಕಾಲ ಇಟ್ಟುಕೊಳ್ಳುವುದನ್ನು ಒಪ್ಪಲಿಲ್ಲ. ಹಾಗಾದರೆ ಎಷ್ಟು ದಿನ ಕಾಯಬೇಕು? ಮಕ್ಕಳೇ ಚರ್ಚಿಸಲಿ.

ಇದೆಲ್ಲ ದೂರದ ಬೆಂಗಳೂರಿನ ಸಂಗತಿ ಎಂದು ಮೂಗು ಮುರಿಯುವವರಿಗೆ ನಮ್ಮದೊಂದು ಪ್ರಶ್ನೆ: 371(ಜೆ) ಯಾರ ಸಂಗತಿ? 2012ರ 98ನೇ ತಿದ್ದುಪಡಿಯಿಂದ ಬಂದ ಈ ವಿಧಿ ಹೈದರಾಬಾದ್ ಕರ್ನಾಟಕದ ಬಗ್ಗೆ ರಾಜ್ಯಪಾಲರಿಗೆ ವಿಶೇಷ ಹೊಣೆ ನೀಡುವ ಅವಕಾಶ ಕಲ್ಪಿಸಿದೆ. ಅಭಿವೃದ್ಧಿ ಮಂಡಳಿ, ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿ ಅದರ ಫಲ. ಬಳ್ಳಾರಿ ಜಿಲ್ಲೆಯಲ್ಲಿದ್ದ ಕೂಡ್ಲಿಗಿ, ಹಡಗಲಿಗಳಿಗೆ ಅದು ಮೊದಲೇ ದಕ್ಕಿತು. 1997ರಲ್ಲಿ ದಾವಣಗೆರೆಗೆ ಸೇರಿಸಲ್ಪಟ್ಟ ಹರಪನಹಳ್ಳಿ ವಂಚಿತವಾಯಿತು. ಹೋರಾಟದ ಬಳಿಕ, 2018ರಲ್ಲಷ್ಟೇ ಅದಕ್ಕೆ ನ್ಯಾಯ ದೊರಕಿತು. ಜಿಲ್ಲೆಯ ಗಡಿಗೆರೆಯೊಂದು ಮಕ್ಕಳ ಕಾಲೇಜು ಸೀಟನ್ನು ನಿರ್ಧರಿಸಿದ ಈ ಕಥೆಯನ್ನು ಮಣ್ಣಿನ ನಕಾಶೆಯಲ್ಲಿ ಮೂಡಿಸಬಾರದೇಕೆ? ಆಗ 371(ಜೆ) ಅರ್ಹತಾ ಪ್ರಮಾಣಪತ್ರವೆಂದರೇನೆಂದು ಮಗುವೇ ಮನೆಗೆ ಬಂದು ಹೇಳೀತು.

ಆದ್ದರಿಂದ ಹೆತ್ತವರೇ, ಮುಂದಿನ ಬಾರಿ ಗೋಂದು ಕೈಗೆತ್ತಿಕೊಳ್ಳುವ ಮುನ್ನ ಶಿಕ್ಷಕರನ್ನು ಕೇಳಿ: ನಮ್ಮ ಮಗು ಇದರಿಂದ ಕಟ್ಟಡವನ್ನು ಕಲಿಯುತ್ತದೆಯೋ, ಸಂವಿಧಾನವನ್ನೋ? ತನ್ನ ಹಕ್ಕು ಯಾರ ಸಹಿಯಲ್ಲಿದೆ ಎಂಬುದನ್ನರಿಯದ ಪೀಳಿಗೆ ಅದನ್ನು ಕಳೆದುಕೊಂಡಾಗಲೂ ಅರಿಯದು.