ಹರಕೆಯ ಪಾಪ ಯಾರ ಲೆಕ್ಕಕ್ಕೆ?

ಪಾಪ ಮಾಡುವವರು ಅದು ಪಾಪವೆಂದು ತಿಳಿದೇ ಮಾಡುತ್ತಾರೆ ಎಂದು ನಾವು ಸಾಮಾನ್ಯವಾಗಿ ನಂಬಿರುತ್ತೇವೆ. ಉಚ್ಚಂಗಿದುರ್ಗದ ಸುತ್ತಲಿನ ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಸೀಮೆಯ ಒಂದು ಹಳೆಯ ಪದ್ಧತಿ ಈ ನಂಬಿಕೆಯನ್ನು ಬುಡಮೇಲು ಮಾಡುತ್ತದೆ. ಮನೆಯಲ್ಲಿ ಗಂಡು ಮಗುವಿಲ್ಲ. ಇಲ್ಲವೇ ಕಾಯಿಲೆ ವಾಸಿಯಾಗುತ್ತಿಲ್ಲ. ಇಲ್ಲವೇ ಮಗಳ ಕೂದಲು ಜಡೆಗಟ್ಟಿದೆ, ಅದು ದೇವಿಯ, ಅಂದರೆ ಅಮ್ಮನ, ಕರೆ ಎಂದು ಓಣಿಯ ಹಿರಿಯರು ಹೇಳಿದ್ದಾರೆ. ತಾಯಿ ಹರಕೆ ಹೊರುತ್ತಾಳೆ, ಹುಡುಗಿಯನ್ನು ದೇವರಿಗೆ ಬಿಡುತ್ತೇನೆ ಎಂದು. ಹರಕೆ ಹೊತ್ತು ತೀರಿಸದಿದ್ದರೆ ಅವಳ ಲೆಕ್ಕದಲ್ಲಿ ಅದೇ ಪಾಪ. ಅಮ್ಮನ ಕಾಟ ತಪ್ಪುವುದಿಲ್ಲ, ಮನೆತನ ಏಳಿಗೆಯಾಗುವುದಿಲ್ಲ. ಭರತ ಹುಣ್ಣಿಮೆ ಬಂದಾಗ ಹುಡುಗಿಯ ಕೊರಳಿಗೆ ಮುತ್ತು ಕಟ್ಟಿಸಿ ಅವಳನ್ನು ದೇವದಾಸಿಯಾಗಿ ಬಿಡುತ್ತಾಳೆ. ತಾಯಿ ಪಾಪದಿಂದ ಪಾರಾದೆನೆಂದು ನಿಟ್ಟುಸಿರು ಬಿಡುವ ಹೊತ್ತಿಗೆ ಮಗಳ ಮುಂದಿನ ಬದುಕು ಅವಳನ್ನು ಒಂದು ಮಾತೂ ಕೇಳದೆ ತೀರ್ಮಾನವಾಗಿರುತ್ತದೆ.

ಇಲ್ಲಿ ಒಂದು ಹೆಣ್ಣುಮಗುವಿಗೆ ಘೋರ ಅನ್ಯಾಯವಾಗಿದೆ. ಆದರೆ ಅನ್ಯಾಯ ಮಾಡಿದವಳು ಪಾಪಭೀತಿಯಿಂದಲೇ ಅದನ್ನು ಮಾಡಿದ್ದಾಳೆ. ಹಾಗಾದರೆ ಈ ಪಾಪ ಯಾರದು?

ಈ ಪದ್ಧತಿ ನಿನ್ನೆ ಮೊನ್ನೆಯದಲ್ಲ. ಬಳ್ಳಾರಿ ಸೀಮೆಯಲ್ಲಿ ಬಸವಿ ಬಿಡುವುದನ್ನು, ಅಂದರೆ ಹೀಗೆ ಮಗಳನ್ನು ದೇವರಿಗೆ ಬಿಡುವುದನ್ನು ಕುರಿತು ಫ್ರೆಡ್ ಫಾಸೆಟ್ ಎಂಬ ಬ್ರಿಟಿಷ್ ಅಧಿಕಾರಿ 1892ರಷ್ಟು ಹಿಂದೆಯೇ ಲೇಖನ ಬರೆದಿದ್ದ. ಗಂಡು ಸಂತಾನವಿಲ್ಲದ ಮನೆಯಲ್ಲಿ ಬಸವಿಯಾದ ಮಗಳು ಮಗನ ಸ್ಥಾನದಲ್ಲಿ ನಿಲ್ಲುತ್ತಾಳೆ, ಆಸ್ತಿಗೂ ಉತ್ತರಕ್ರಿಯೆಗೂ ಹಕ್ಕುದಾರಳಾಗುತ್ತಾಳೆ ಎಂಬುದನ್ನು ಆತ ಗುರುತಿಸಿದ್ದ. ಆ ಕಾಲದಲ್ಲಿ ಈ ತಾಲ್ಲೂಕುಗಳು ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಸಮಾಜ ಸುಧಾರಕಿ ಮುತ್ತುಲಕ್ಷ್ಮಿ ರೆಡ್ಡಿಯವರ ದೀರ್ಘ ಹೋರಾಟದ ಫಲವಾಗಿ 1947ರಲ್ಲಿ ಬಂದ ಮದ್ರಾಸಿನ ದೇವದಾಸಿ ನಿಷೇಧ ಕಾಯ್ದೆ ಇಲ್ಲಿಗೂ ಅನ್ವಯಿಸುತ್ತಿತ್ತು. ಬಳ್ಳಾರಿ 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಕರ್ನಾಟಕದ ಸ್ವಂತ ಕಾಯ್ದೆ 1982ರದು. ಆಮೇಲೂ 1993-94 ಮತ್ತು 2007-08ರ ಎರಡು ಸರ್ಕಾರಿ ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಒಟ್ಟು 46,660 ದೇವದಾಸಿಯರು ಗುರುತಾದರು. 2014ರ ಫೆಬ್ರವರಿಯಲ್ಲಿ ಹರಪನಹಳ್ಳಿ ತಾಲ್ಲೂಕಿನ ದೇವಸ್ಥಾನದಲ್ಲಿ ಹುಣ್ಣಿಮೆಯ ರಾತ್ರಿ ಹುಡುಗಿಯರಿಗೆ ಮುತ್ತು ಕಟ್ಟದಂತೆ ತಡೆಯಬೇಕೆಂದು ಸುಪ್ರೀಂ ಕೋರ್ಟ್ ರಾಜ್ಯದ ಮುಖ್ಯ ಕಾರ್ಯದರ್ಶಿಗೆ ನಿರ್ದೇಶಿಸಬೇಕಾಯಿತು. 1947ರ ನಿಷೇಧ ಬಂದು ಆಗ 67 ವರ್ಷ ಕಳೆದಿತ್ತು.

ಕಾನೂನು ಯಾಕೆ ಸೋತಿತು ಎಂದು ಕೇಳಿದರೆ ಬಡತನ, ಜಾತಿ, ಅನಕ್ಷರತೆ ಎಂಬ ಉತ್ತರಗಳು ಸಿಗುತ್ತವೆ. ಅವೆಲ್ಲ ನಿಜ. ಅವುಗಳ ಜೊತೆಗೆ ಪಾಪದ ಕಲ್ಪನೆಯನ್ನೂ ನೋಡಬೇಕು ಎಂಬುದು ನನ್ನ ವಾದ. ಪಾಪ ಯಾವುದು, ಅದು ಯಾರ ತಲೆಗೆ ಎಂಬುದನ್ನು ತಪ್ಪಾಗಿ ಹಂಚಿದ ಸಮಾಜದಲ್ಲಿ ಕಾಯ್ದೆಯೂ ಅದೇ ತಪ್ಪನ್ನು ಮಾಡುತ್ತದೆ. ಈ ಹಂಚಿಕೆಯ ಪ್ರಶ್ನೆಯನ್ನು ಪಶ್ಚಿಮದ ತತ್ತ್ವಜ್ಞಾನಿಗಳೂ ಧರ್ಮಶಾಸ್ತ್ರಜ್ಞರೂ ಬಹಳ ಕಾಲ ಹಠ ಹಿಡಿದು ಚರ್ಚಿಸಿದ್ದಾರೆ. ಅದರಲ್ಲಿ ನಮಗೆ ಕೆಲಸಕ್ಕೆ ಬರುವುದು ಬಹಳಷ್ಟಿದೆ, ಬಿಡಬೇಕಾದ್ದೂ ಇದೆ.

ಬಿಡಬೇಕಾದ್ದರಿಂದಲೇ ಶುರು ಮಾಡುತ್ತೇನೆ. ಐದನೆಯ ಶತಮಾನದ ಆರಂಭದಲ್ಲಿ ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನ್ ಆದಾಮನ ಪಾಪ ಇಡೀ ಮನುಷ್ಯಕುಲಕ್ಕೆ ಹುಟ್ಟಿನಿಂದಲೇ ಇಳಿದು ಬರುತ್ತದೆ ಎಂದು ವಾದಿಸಿದ. ಬ್ರಿಟನ್ನಿನಿಂದ ಬಂದ ಪೆಲೇಜಿಯಸ್ ಇದನ್ನು ಒಪ್ಪಲಿಲ್ಲ. ಒಳ್ಳೆಯದನ್ನು ಆರಿಸುವ ಶಕ್ತಿ ಪ್ರತಿಯೊಬ್ಬರಿಗೂ ಇದೆ, ಆದಾಮನ ಪಾಪ ಆದಾಮನಿಗೇ ಎಂಬುದು ಅವನ ನಿಲುವು. 418ರ ಕಾರ್ಥೇಜ್ ಸಭೆ ಪೆಲೇಜಿಯಸನ ಮತವನ್ನು ಖಂಡಿಸಿತು. ಅಗಸ್ಟೀನನ ವಾದವನ್ನು ಕೊನೆಯವರೆಗೂ ಎಳೆದರೆ ದೀಕ್ಷಾಸ್ನಾನವಾಗದೆ ಸತ್ತ ಹಸುಗೂಸಿಗೂ ದಂಡನೆ ತಪ್ಪದು. ಅವನೂ ಹಿಂಜರಿಯದೆ ಹಾಗೆಯೇ ಹೇಳಿದ, ಆ ದಂಡನೆ ಅತ್ಯಂತ ಸೌಮ್ಯವಾದದ್ದು ಎಂದಷ್ಟೇ ಸಮಾಧಾನ ಕೊಟ್ಟ. ಅಂಥ ಶಿಶುಗಳಿಗೆ ಸದ್ಗತಿಯ ಭರವಸೆ ಇಟ್ಟುಕೊಳ್ಳಲು ಕಾರಣಗಳಿವೆ ಎಂದು ವ್ಯಾಟಿಕನ್ನಿನ ಧರ್ಮಶಾಸ್ತ್ರ ಆಯೋಗ ವಿವರವಾಗಿ ಬರೆದದ್ದು 2007ರಲ್ಲಿ. ತತ್ತ್ವಜ್ಞಾನಿ ಕಾಂಟ್ ಮಾತ್ರ 1793ರಲ್ಲೇ ನೇರವಾಗಿ ಹೇಳಿದ್ದ: ಕೆಡುಕಿನ ಒಲವು ಮನುಷ್ಯಕುಲಕ್ಕೆಲ್ಲ ಇರುವುದು ನಿಜ, ಆದರೆ ಅದನ್ನು ವಂಶದಿಂದ ಬಂದ ಆಸ್ತಿಯಂತೆ ವಿವರಿಸುವುದು ಎಲ್ಲಕ್ಕಿಂತ ಕೆಟ್ಟ ವಿವರಣೆ.

ನಮ್ಮಲ್ಲಿ ಆದಾಮನಿಲ್ಲ. ಹಿಂದಿನ ಜನ್ಮವಿದೆ. ಕರ್ಮಸಿದ್ಧಾಂತದ ಪ್ರಕಾರ ಪಾಪ ಅವರವರದೇ, ಬೇರೊಬ್ಬರದು ಯಾರಿಗೂ ಅಂಟುವುದಿಲ್ಲ. ಆದರೆ ಮಾಡಿದ್ದೆನ್ನುವ ಜನ್ಮ ಯಾರ ನೆನಪಿಗೂ ಎಟುಕದ್ದು. ಹಾಗಾಗಿ ಆಚರಣೆಯಲ್ಲಿ ಎರಡೂ ಒಂದೇ ಕೆಲಸ ಮಾಡುತ್ತವೆ: ನೋವು ಉಣ್ಣುತ್ತಿರುವವಳನ್ನೇ ತಪ್ಪಿತಸ್ಥಳನ್ನಾಗಿ ನಿಲ್ಲಿಸುತ್ತವೆ. ಎಂಟು ಹತ್ತು ವರ್ಷದ ಹುಡುಗಿಯನ್ನು ತೋರಿಸಿ ಅವಳು ಪಡೆದು ಬಂದದ್ದು ಇಷ್ಟೇ ಎನ್ನುವ ಮಾತು ಅಗಸ್ಟೀನನ ಶಿಶುದಂಡನೆಗಿಂತ ಕಡಿಮೆ ಕ್ರೂರವೇನಲ್ಲ.

ಉಚ್ಚಂಗಿಯ ಇತಿಹಾಸದಲ್ಲೇ ಇದಕ್ಕೆ ತದ್ವಿರುದ್ಧವಾದ ಒಂದು ಉದಾಹರಣೆಯಿದೆ. ಹತ್ತನೆಯ ಶತಮಾನದಲ್ಲಿ ಗಂಗರ ಇಮ್ಮಡಿ ಮಾರಸಿಂಹ ನೊಳಂಬರನ್ನು ಸೋಲಿಸಿ ಉಚ್ಚಂಗಿಯ ಕೋಟೆಯನ್ನು ಗೆದ್ದ. ನೊಳಂಬಕುಲಾಂತಕ ಎಂಬುದು ಅವನ ಬಿರುದು. ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವ ಕಂಬದ ಶಾಸನ ಆ ಗೆಲುವುಗಳನ್ನೆಲ್ಲ ಕೊಂಡಾಡಿ, ಕೊನೆಗೆ ಅವನು ರಾಜ್ಯ ಬಿಟ್ಟು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಹಿಡಿದು ಮೂರು ದಿನದಲ್ಲಿ ದೇಹ ಬಿಟ್ಟದ್ದನ್ನು ದಾಖಲಿಸುತ್ತದೆ. ಶಾಸನ ಯುದ್ಧವನ್ನು ಪಾಪವೆಂದು ಕರೆಯುವುದಿಲ್ಲ, ಸಲ್ಲೇಖನವನ್ನು ಯುದ್ಧದ ಪ್ರಾಯಶ್ಚಿತ್ತವೆಂದೂ ಹೇಳುವುದಿಲ್ಲ. ಆದರೂ ಆ ಸಾವಿನ ಹಿಂದಿನ ಜೈನ ನಂಬಿಕೆ ಸ್ಪಷ್ಟವಾಗಿದೆ: ಕರ್ಮ ನನ್ನದು, ಅದನ್ನು ಸವೆಸಬೇಕಾದ್ದು ನನ್ನ ದೇಹದಿಂದಲೇ. ಸಲ್ಲೇಖನದ ಸರಿತಪ್ಪು ಬೇರೆ ಚರ್ಚೆ. ರಾಜ ತನ್ನ ಋಣಕ್ಕೆ ತನ್ನ ದೇಹವನ್ನು ಕೊಟ್ಟ, ಹರಕೆಯಲ್ಲಿ ಹಿರಿಯರು ತಮ್ಮ ಋಣಕ್ಕೆ ಮಗುವಿನ ದೇಹವನ್ನು ಕೊಡುತ್ತಾರೆ. ಯಾವ ಧರ್ಮದ ಯಾವ ತರ್ಕದಿಂದಲೂ ಈ ಎರಡನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಇನ್ನು ತಾಯಿಯ ವಿಚಾರ. ಇಲ್ಲಿ ಪಶ್ಚಿಮದ ಅತ್ಯಂತ ಉಪಯುಕ್ತ ಜಗಳ ಹನ್ನೆರಡನೆಯ ಶತಮಾನದ್ದು, ಪೀಟರ್ ಅಬೆಲಾರ್ಡನದು. ಪಾಪ ಆಸೆಯಲ್ಲೂ ಇಲ್ಲ, ಕೃತ್ಯದಲ್ಲೂ ಇಲ್ಲ, ಇದು ತಪ್ಪೆಂದು ತಿಳಿದೂ ಮನಸ್ಸು ಕೊಡುವ ಒಪ್ಪಿಗೆಯಲ್ಲಿದೆ ಎಂದು ಅವನು ತನ್ನ ನೀತಿಗ್ರಂಥದಲ್ಲಿ ವಾದಿಸಿದ. ಹಾಗಾದರೆ ಕ್ರಿಸ್ತನನ್ನು ಶಿಲುಬೆಗೇರಿಸಿದವರು ದೇವರ ಕೆಲಸ ಮಾಡುತ್ತಿದ್ದೇವೆಂದೇ ನಂಬಿದ್ದರೆ? ಅವರದು ಪಾಪವಲ್ಲ ಎಂದ ಅಬೆಲಾರ್ಡ್. ತಮ್ಮ ಅಂತಃಸಾಕ್ಷಿಗೆ ವಿರುದ್ಧವಾಗಿ ಕ್ರಿಸ್ತನನ್ನು ಬಿಟ್ಟುಬಿಟ್ಟಿದ್ದರೆ ಇನ್ನೂ ದೊಡ್ಡ ತಪ್ಪು ಮಾಡಿದಂತಾಗುತ್ತಿತ್ತು ಎಂದೂ ಸೇರಿಸಿದ. ಚರ್ಚು ಸುಮ್ಮನಿರಲಿಲ್ಲ. ಬರ್ನಾರ್ಡ್ ಎಂಬ ಪ್ರಭಾವಿ ಸನ್ಯಾಸಿಯ ಮುಂದಾಳತ್ವದಲ್ಲಿ 1140ರ ಸುಮಾರಿಗೆ ಸಾನ್ಸ್ ನಗರದ ಸಭೆ ಅವನ ವಿಚಾರಗಳನ್ನು ಖಂಡಿಸಿತು.

ಹರಕೆ ಹೊತ್ತ ತಾಯಿಯ ಮನಸ್ಸನ್ನು ಅಬೆಲಾರ್ಡನಷ್ಟು ಹತ್ತಿರದಿಂದ ಬಲ್ಲ ತತ್ತ್ವಜ್ಞಾನಿ ಇನ್ನೊಬ್ಬನಿಲ್ಲ ಅನ್ನಿಸುತ್ತದೆ. ಮಗಳನ್ನು ಬಿಡದೆ ಹೋದರೆ ತಪ್ಪು ಎಂಬುದೇ ಅವಳ ಅಂತಃಸಾಕ್ಷಿಯ ಮಾತು. ಆದರೆ ಅಬೆಲಾರ್ಡನಲ್ಲೇ ನಿಂತುಬಿಟ್ಟರೆ ಅಪಾಯವಿದೆ. ಎಲ್ಲರೂ ನಂಬಿಕೆಯಿಂದಲೇ ಮಾಡಿದರೆಂದ ಮೇಲೆ ಅನ್ಯಾಯಕ್ಕೆ ಹೊಣೆಗಾರನೇ ಇಲ್ಲದಂತಾಗುತ್ತದೆ. ಮುಂದಿನ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಇದಕ್ಕೊಂದು ತಿದ್ದುಪಡಿ ತಂದ. ತಪ್ಪು ತಿಳಿವಳಿಕೆಯ ಅಂತಃಸಾಕ್ಷಿಯೂ ಮನುಷ್ಯನನ್ನು ಕಟ್ಟಿಹಾಕುತ್ತದೆ, ಒಪ್ಪೋಣ. ಆದರೆ ಆ ಅಜ್ಞಾನ ಎಂಥದು ಎಂದು ಕೇಳಬೇಕು. ತಿಳಿಯಬೇಕಾದ್ದನ್ನು, ತಿಳಿಯಬಹುದಾಗಿದ್ದನ್ನು ತಿಳಿಯದೆ ಉಳಿದವನಿಗೆ ಅಜ್ಞಾನ ರಕ್ಷಣೆಯಾಗದು. ಯಜಮಾನನ ಮನಸ್ಸು ತಿಳಿದೂ ತಪ್ಪಿದ ಆಳಿಗೆ ಹೆಚ್ಚು ಪೆಟ್ಟು, ತಿಳಿಯದೆ ತಪ್ಪಿದವನಿಗೆ ಕಡಿಮೆ ಎಂಬ ಅರ್ಥದ ಯೇಸುವಿನ ದೃಷ್ಟಾಂತ ಲೂಕನ ಸುವಾರ್ತೆಯಲ್ಲೂ ಇದೆ.

ನನ್ನ ನಿಲುವು ಇದೇ ದಾರಿಯದು. ಪಾಪದ ಭಾರ ತಿಳಿವಳಿಕೆಯನ್ನೂ ಅಧಿಕಾರವನ್ನೂ ಹಿಂಬಾಲಿಸಿ ಮೇಲಕ್ಕೆ ಹೋಗಬೇಕು. ಈಗ ಅದು ಕೆಳಕ್ಕೆ ಹರಿಯುತ್ತಿದೆ. ಊರ ಲೆಕ್ಕದಲ್ಲಿ ಪಾಪಿ ಯಾರೆಂದು ನೋಡಿ. ಮೊದಲು ಹುಡುಗಿ, ಹಿಂದಿನ ಜನ್ಮದ ದೆಸೆಯಿಂದ. ಆಮೇಲೆ ತಾಯಿ, ಹರಕೆ ತೀರಿಸದಿದ್ದರೆ. ಮುತ್ತು ಕಟ್ಟಿದವನಿಗೆ ಪುಣ್ಯ. ಆಮೇಲೆ ಅವಳ ಮನೆಗೆ ಬಂದು ಹೋಗುವ ಗಂಡಸಿಗೆ ಪಾಪವೂ ಇಲ್ಲ ಪುಣ್ಯವೂ ಇಲ್ಲ, ಅವನು ಲೆಕ್ಕದ ಪುಸ್ತಕದಲ್ಲೇ ಇಲ್ಲ. ಈ ವಿಷಯದಲ್ಲಿ ಪಶ್ಚಿಮವೂ ಮೇಲಲ್ಲ. ಈವಳ ಕಥೆಯಿಂದ ಹಿಡಿದು, ಹೆಣ್ಣನ್ನು ಸೈತಾನನ ಹೆಬ್ಬಾಗಿಲೆಂದ ಟೆರ್ಟುಲಿಯನ್‌ವರೆಗೆ ಪಾಪವನ್ನು ಹೆಣ್ಣಿನ ಮೈಮೇಲೆ ಬರೆದ ಧರ್ಮಶಾಸ್ತ್ರ ಅದು. 1890ರ ದಶಕದಲ್ಲಿ ಮದ್ರಾಸಿನಲ್ಲಿ ದೇವದಾಸಿಯರ ಕುಣಿತದ ವಿರುದ್ಧ ನಾಚ್ ವಿರೋಧಿ ಚಳವಳಿ ಎದ್ದಾಗಲೂ ಪತಿತೆ ಎನ್ನಿಸಿಕೊಂಡವಳು ಕುಣಿಯುವವಳು. ಕುಣಿಸಿದವನಿಗೆ ಅಂಥ ಹೆಸರು ಬರಲಿಲ್ಲ.

ನಮ್ಮ 1982ರ ಕಾಯ್ದೆಯಲ್ಲೂ ಈ ಕೆಳಮುಖ ಹರಿವು ಕಾಣುತ್ತದೆ. ಮುತ್ತು ಕಟ್ಟುವ ವಿಧಿ ನಡೆಸಿದವರಿಗೆ, ಅದಕ್ಕೆ ಕುಮ್ಮಕ್ಕು ಕೊಟ್ಟವರಿಗೆ ಮೂರು ವರ್ಷದವರೆಗೆ ಸೆರೆ. ತಪ್ಪಿತಸ್ಥರು ತಂದೆತಾಯಿ, ಪೋಷಕರು ಅಥವಾ ಬಂಧುಗಳಾದರೆ ಕನಿಷ್ಠ ಎರಡು, ಗರಿಷ್ಠ ಐದು ವರ್ಷ. ಹೆತ್ತವರು ಕಾಪಾಡಬೇಕಾದವರು, ಅವರ ದ್ರೋಹ ದೊಡ್ಡದು ಎಂಬ ಆಲೋಚನೆ ಇದರ ಹಿಂದಿದೆ, ಅದು ಅರ್ಥವಾಗುತ್ತದೆ. ಆದರೆ ಮುತ್ತು ಕಟ್ಟಿಸಿಕೊಂಡವರಲ್ಲಿ ಬಹುಪಾಲು ದಲಿತ ಕುಟುಂಬಗಳ ಹೆಣ್ಣುಮಕ್ಕಳು, ಊರಿನ ಅತಿ ಬಡವರ ಮಕ್ಕಳು. ಹೆಚ್ಚು ಶಿಕ್ಷೆ ಅತಿ ಕಡಿಮೆ ಬಲವುಳ್ಳವರಿಗೆ. ಸಾಕ್ಷಿ ಹೇಳಬೇಕಾದವರೂ ಅವರೇ. ತನ್ನ ತಾಯಿಯನ್ನು ಐದು ವರ್ಷ ಜೈಲಿಗೆ ಕಳಿಸಬಹುದಾದ ದೂರನ್ನು ಯಾವ ಹುಡುಗಿ ಕೊಟ್ಟಾಳು? ವಿಧಿ ನಡೆಸುವವನಿಗೆ ಇರಬೇಕಾದ ಶಿಕ್ಷೆ ತಾಯಿಗೆ, ತಾಯಿಗೆ ಇರಬೇಕಾದದ್ದು ಅವನಿಗೆ ಎಂದು ಅದಲುಬದಲು ಬರೆದಂತಿದೆ.

ತಾಯಿಯ ಹೊಣೆಯನ್ನು ಹೀಗೆ ಹಗುರಗೊಳಿಸಿದರೆ ಬಡವರನ್ನು ವಿವೇಕವಿಲ್ಲದ ಮಕ್ಕಳಂತೆ ಕಂಡಂತಾಗುವುದಿಲ್ಲವೇ ಎಂಬ ಆಕ್ಷೇಪ ಬರಬಹುದು. ಆಕ್ಷೇಪದಲ್ಲಿ ಸತ್ವವಿದೆ. ಮುತ್ತು ಕಟ್ಟಿಸಿಕೊಂಡ ಮಹಿಳೆಯರೇ ದೇವದಾಸಿ ವಿಮೋಚನೆಯ ಸಂಘ ಕಟ್ಟಿ, ನಮ್ಮ ಮಕ್ಕಳಿಗೆ ಇದು ಬೇಡ ಎಂದು ಬೀದಿಗಿಳಿದರು. ಅವರಷ್ಟು ಬಡವರೇ, ಅವರಷ್ಟು ದೇವರನ್ನು ನಂಬಿದವರೇ ಹಾಗೆ ಮಾಡಿದ್ದಾರೆಂದರೆ ತಿಳಿವಳಿಕೆಯ ದಾರಿ ಪೂರ್ತಿ ಮುಚ್ಚಿಲ್ಲ. ಆದ್ದರಿಂದ ಇಂದಿನ ತಾಯಿಗೆ ಹೊಣೆಯೇ ಇಲ್ಲ ಎನ್ನಲಾರೆ. ಅವಳಿಗಿಂತ ಹೆಚ್ಚು ತಿಳಿದವರ ಹೊಣೆ ಅವಳದಕ್ಕಿಂತ ದೊಡ್ಡದು ಎನ್ನುತ್ತೇನೆ.

ಈ ಹಂತದಲ್ಲಿ ಅಗಸ್ಟೀನನ ಬಳಿಗೆ ಮರಳಬೇಕಾಗುತ್ತದೆ, ಏಕೆಂದರೆ ಪೆಲೇಜಿಯಸ್ ಕಾಣದ ಒಂದನ್ನು ಅವನು ಕಂಡಿದ್ದ. ಹದಿನಾರನೆಯ ವಯಸ್ಸಿನಲ್ಲಿ ಗೆಳೆಯರ ಜೊತೆ ಸೇರಿ ಪೇರಿನ ಹಣ್ಣು ಕದ್ದದ್ದನ್ನು ಆತ್ಮಕಥೆಯಲ್ಲಿ ನೆನೆಯುತ್ತ, ಒಬ್ಬನೇ ಇದ್ದಿದ್ದರೆ ತಾನು ಅದನ್ನು ಮಾಡುತ್ತಿರಲಿಲ್ಲ ಎನ್ನುತ್ತಾನೆ. ಗುಂಪು ಮತ್ತು ರೂಢಿ ಮನುಷ್ಯನ ಇಚ್ಛೆಯನ್ನು ಹೇಗೆ ಸಂಕೋಲೆಯಂತೆ ಬಿಗಿಯುತ್ತವೆ ಎಂಬುದು ಅವನಿಗೆ ಗೊತ್ತಿತ್ತು. ನ್ಯೂಯಾರ್ಕಿನ ಬಡವರ ಕೇರಿಯಲ್ಲಿ ಪಾದ್ರಿಯಾಗಿದ್ದ ವಾಲ್ಟರ್ ರೌಶೆನ್‌ಬುಶ್ 1917ರ ತನ್ನ ಪುಸ್ತಕದಲ್ಲಿ ಅಗಸ್ಟೀನನ ಈ ಅರ್ಧವನ್ನು ಉಳಿಸಿಕೊಂಡು ಇನ್ನರ್ಧವನ್ನು ತಿದ್ದಿದ. ಪಾಪ ತಲೆಮಾರಿನಿಂದ ತಲೆಮಾರಿಗೆ ಇಳಿಯುವುದು ರಕ್ತದ ಮೂಲಕವಷ್ಟೇ ಅಲ್ಲ, ಸಂಪ್ರದಾಯದ ಮೂಲಕವೂ ಹೌದು, ಆ ಸಂಪ್ರದಾಯದಿಂದ ಲಾಭ ಪಡೆಯುವವರ ಅಧಿಕಾರದ ಮೂಲಕವೂ ಹೌದು ಎಂದು ಅವನು ತೋರಿಸಿದ. ಉಚ್ಚಂಗಿಯ ಸೀಮೆಯಲ್ಲಿ ಇದಕ್ಕಿಂತ ನಿಖರವಾದ ವಿವರಣೆ ಬೇಕಿಲ್ಲ. ಯಾರೂ ಒಬ್ಬರೇ ನಿಂತು ಒಂದು ಹುಡುಗಿಯನ್ನು ದೇವದಾಸಿ ಮಾಡಲಾರರು. ಅದಕ್ಕೆ ಓಣಿ ಬೇಕು, ಹಾಡು ಬೇಕು, ಸೀರೆ ಕೊಡಿಸುವವರು ಬೇಕು, ನೋಡಿ ಸುಮ್ಮನಿರುವವರು ಬೇಕು, ಕಾಯುವ ಗಂಡಸು ಬೇಕು.

ಆದರೆ ಎಲ್ಲರದೂ ಪಾಪ ಎಂದು ಹೇಳಿ ಕೈತೊಳೆದುಕೊಳ್ಳುವುದೂ ಸುಲಭ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ತತ್ತ್ವಜ್ಞಾನಿ ಕಾರ್ಲ್ ಯಾಸ್ಪರ್ಸ್ ಇದೇ ಗೊಂದಲವನ್ನು ಬಿಡಿಸಲು 1946ರಲ್ಲಿ ಒಂದು ಪುಟ್ಟ ಪುಸ್ತಕ ಬರೆದ. ಅಪರಾಧದ ಹೊಣೆ ಬೇರೆ, ಪ್ರಜೆಯಾಗಿ ಹೊರಬೇಕಾದ ರಾಜಕೀಯ ಹೊಣೆ ಬೇರೆ, ತನ್ನ ಆತ್ಮಸಾಕ್ಷಿಯ ಮುಂದಿನ ನೈತಿಕ ಹೊಣೆ ಬೇರೆ, ಕಣ್ಣೆದುರಿನ ಅನ್ಯಾಯವನ್ನು ಕಂಡೂ ಬದುಕುಳಿದವನ ಹೊಣೆ ಬೇರೆ ಎಂದು ಅವನು ವಿಂಗಡಿಸಿದ. ನಮಗೂ ಅಂಥ ವಿಂಗಡಣೆ ಬೇಕು. ವಿಧಿ ನಡೆಸಿದವನದು ಅಪರಾಧ. ಹುಡುಗಿ ಅಪ್ರಾಪ್ತಳಾಗಿದ್ದರೆ ಅವಳ ಬಳಿ ಹೋದವನದೂ ಅಪರಾಧವೇ, 2012ರ ಪೋಕ್ಸೊ ಕಾಯ್ದೆ ಅವನಿಗಾಗಿಯೇ ಇದೆ. ಅಧಿಕಾರಿ ಮತ್ತು ಜನಪ್ರತಿನಿಧಿಯದು ರಾಜಕೀಯ ಹೊಣೆ. ಓದು ಬಲ್ಲ, ಸಂಬಳ ಬರುವ, ಜಾತ್ರೆಗೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬರುವ ನಮ್ಮಂಥವರದು ನೈತಿಕ ಹೊಣೆ. ಅದು ತಾಯಿಯದಕ್ಕಿಂತ ಭಾರವಾದದ್ದು, ಏಕೆಂದರೆ ನಮಗೆ ಗೊತ್ತಿದೆ.

2025ರಲ್ಲಿ ರಾಜ್ಯದ ವಿಧಾನಮಂಡಲ ಅಂಗೀಕರಿಸಿದ ಹೊಸ ಮಸೂದೆ ದೇವದಾಸಿಯರ ಮಕ್ಕಳಿಗೆ ತಂದೆ ಯಾರೆಂದು ಗುರುತಿಸಿಕೊಳ್ಳುವ, ಅವನಿಂದ ಪಾಲು ಕೇಳುವ ಹಕ್ಕನ್ನು ಕೊಡುತ್ತದೆ. ಇಷ್ಟು ಕಾಲ ಲೆಕ್ಕಕ್ಕೇ ಸಿಗದಿದ್ದ ಗಂಡಸನ್ನು ಲೆಕ್ಕದೊಳಗೆ ತಂದ ಕಾರಣಕ್ಕೆ ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಮುಂದಿನ ಭರತ ಹುಣ್ಣಿಮೆಗೆ ಉಚ್ಚಂಗಿದುರ್ಗಕ್ಕೆ, ಅಥವಾ ಅಂಥ ಯಾವುದೇ ಜಾತ್ರೆಗೆ ಹೋಗುವವರಲ್ಲಿ ನನ್ನ ವಿನಂತಿ ಇಷ್ಟು. ಅಮ್ಮನಿಗೆ ನಡೆದುಕೊಳ್ಳಿ, ಹರಕೆ ತೀರಿಸಿ. ಶಾಲೆಗೆ ಹೋಗುವ ವಯಸ್ಸಿನ ಹುಡುಗಿಗೆ ಹೊಸ ಸೀರೆ ಉಡಿಸಿ ಕೊರಳಿಗೆ ಮುತ್ತು ಕಟ್ಟಲು ಸಿದ್ಧರಾಗುತ್ತಿರುವುದು ಕಂಡರೆ ಅವಳ ತಾಯಿಯನ್ನು ಬೈಯಬೇಡಿ, 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ, ಹಗಲೂ ರಾತ್ರಿಯೂ ತೆರೆದಿರುತ್ತದೆ, ಕರೆಗೆ ಕಾಸು ಬೇಕಿಲ್ಲ.