ಟೋಕನ್ ನಿಮಗೆ, ಲೆಡ್ಜರ್ ಒಳಗೆ

ಮಕ್ಕಳೇ, ಹಿತ್ತಾಳೆ ಟೋಕನ್ ಅಂದರೇನೆಂದು ನಿಮ್ಮ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ ನೋಡಿ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ, ಚೆಕ್ ಕೊಟ್ಟವರ ಕೈಗೆ ನಂಬರ್ ಕೆತ್ತಿದ ಒಂದು ಬಿಲ್ಲೆ ಕೊಡುತ್ತಿದ್ದೆವು. ಚೆಕ್ ಒಳಗೆ ಹೋಗುತ್ತಿತ್ತು. ಲೆಡ್ಜರಿನಲ್ಲಿ ಬಾಕಿ ನೋಡಿ, ಸಹಿ ತಾಳೆ ಹಾಕಿದ ಮೇಲೆ ಕ್ಯಾಷಿಯರ್ ನಂಬರ್ ಕೂಗುತ್ತಿದ್ದರು. ಗ್ರಾಹಕ ಊರಿಗೇ ದೊಡ್ಡವನಾದರೂ ಕೌಂಟರ್ ದಾಟಿ ಬಂದು ಲೆಡ್ಜರ್ ತಿರುವುವಂತಿರಲಿಲ್ಲ.

ಕಂಪ್ಯೂಟರಿನೊಳಗೂ ಇಂಥ ಒಂದು ಕೌಂಟರ್ ಇದೆ. ಅದರ ಒಳಗೆ ಕೂತಿರುವ ಮುಖ್ಯ ತಂತ್ರಾಂಶಕ್ಕೆ ಕರ್ನಲ್ ಎಂದು ಹೆಸರು. (ಸೈನ್ಯದ ಕರ್ನಲ್ ಅಲ್ಲ, ಕಾಳಿನ ತಿರುಳು ಎಂಬ ಅರ್ಥ!) ಯಾರಿಗೆ ಎಷ್ಟು ಮೆಮೊರಿ ಕೊಟ್ಟಿದೆ, ಯಾವ ಫೈಲನ್ನು ಯಾರು ತೆರೆದಿದ್ದಾರೆ, ಎಲ್ಲಿಯವರೆಗೆ ಓದಿದ್ದಾರೆ ಎಂಬ ಲೆಕ್ಕವೆಲ್ಲ ಅದರ ಬಳಿ. ಕೌಂಟರಿನ ಹೊರಗೆ ಆಟ, ಕ್ಯಾಮೆರಾ, ಬ್ಯಾಂಕಿನ ಆ್ಯಪ್ ಎಲ್ಲ ಸಾಲಾಗಿ ನಿಂತಿವೆ.

ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಫಿನ್ಲೆಂಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಬರೆಯತೊಡಗಿದ ಲಿನಕ್ಸ್ ಇಂಥ ಒಂದು ಕರ್ನಲ್. ಅಮ್ಮನ ಆಂಡ್ರಾಯ್ಡ್ ಫೋನಿನಲ್ಲಿರುವುದೂ ಅದೇ. ಒಂದು ಪ್ರೋಗ್ರಾಂ ಫೈಲ್ ಬೇಕೆಂದರೆ ಲಿನಕ್ಸ್ ಅನುಮತಿ ನೋಡುತ್ತದೆ, ವಿವರವನ್ನು ತನ್ನಲ್ಲೇ ಬರೆದುಕೊಳ್ಳುತ್ತದೆ, ಹೊರಗೆ ಒಂದು ನಂಬರ್ ಮಾತ್ರ ಕೊಡುತ್ತದೆ. 0, 1, 2 ಸಾಮಾನ್ಯವಾಗಿ ಮೊದಲೇ ಹಂಚಿಹೋಗಿರುತ್ತವೆ: ಒಳಬರುವ ಅಕ್ಷರಕ್ಕೊಂದು, ಹೊರಹೋಗುವುದಕ್ಕೊಂದು, ತಪ್ಪಿನ ಸಂದೇಶಕ್ಕೊಂದು. ಹಾಗಾಗಿ ಹೊಸ ಫೈಲಿಗೆ 3. ಆಮೇಲೆ ಪ್ರೋಗ್ರಾಂ ‘3ರಿಂದ ಓದು’ ಎಂದರೆ ಸಾಕು. ಕೊಡದೇ ಇದ್ದ 57ನ್ನು ಹೇಳಿದರೆ ‘ಅಂಥದ್ದಿಲ್ಲ’ ಎಂಬ ಉತ್ತರ ಬರುತ್ತದೆ. ನಮ್ಮ ಟೋಕನ್ ಬೇರೆಯವರ ಕೈಗೆ ಸಿಕ್ಕರೆ ಅಪಾಯವಿತ್ತು. ಇಲ್ಲಿ ನಿಮ್ಮ 3 ಬೇರೆ, ಪಕ್ಕದವನ 3 ಬೇರೆ. ನಂಬರ್ ಕದ್ದು ಉಪಯೋಗವಿಲ್ಲ. ಈ ವಿಷಯದಲ್ಲಿ ಅವರದು ನಮಗಿಂತ ಒಂದು ಕೈ ಮೇಲು.

ಹಳೆಯ ಎಂಎಸ್-ಡಾಸ್‌ನಲ್ಲಿ ಕೌಂಟರೇ ಇರಲಿಲ್ಲ. ಯಾವ ಪ್ರೋಗ್ರಾಂ ಬೇಕಾದರೂ ಒಳಗಿನ ಲೆಕ್ಕದ ಮೇಲೆ ಗೀಚಬಹುದಿತ್ತು. ಕೆಟ್ಟದಾಗಿ ಬರೆದ ಒಂದು ಆಟ ಇಡೀ ಯಂತ್ರವನ್ನು ನಿಲ್ಲಿಸಿಬಿಡುತ್ತಿತ್ತು.

ಕೌಂಟರ್ ಇದ್ದೂ ಒಮ್ಮೆ ಕಳ್ಳನಿಗೆ ದಾರಿ ಸಿಕ್ಕಿತು. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಎಂಬ ದೋಷ ಬಯಲಾಯಿತು. ಇಂಟೆಲ್‌ನ ಬಹಳಷ್ಟು ಪ್ರೊಸೆಸರ್‌ಗಳು ವೇಗಕ್ಕಾಗಿ, ಅನುಮತಿಯ ತಪಾಸಣೆ ಮುಗಿಯುವ ಮೊದಲೇ ಮುಂದಿನ ಕೆಲಸ ಶುರುಮಾಡುತ್ತಿದ್ದವು. ಅನುಮತಿ ಇಲ್ಲವೆಂದಾದರೆ ಉತ್ತರವನ್ನು ಎಸೆಯುತ್ತಿದ್ದವು, ಸರಿ. ಆದರೆ ಅದರ ಜಾಡು ಕ್ಯಾಶ್ ಎಂಬ ಚುರುಕು ಮೆಮೊರಿಯಲ್ಲಿ ಉಳಿಯುತ್ತಿತ್ತು. ಯಾವುದು ಬೇಗ ಸಿಗುತ್ತದೆ ಎಂದು ಸಮಯ ಅಳೆದು, ಒಳಗೇನಿದೆಯೆಂದು ಹೊರಗಿನ ಪ್ರೋಗ್ರಾಂ ಕಂಡುಹಿಡಿಯಬಹುದಿತ್ತು. ಪಾಸ್‌ವರ್ಡ್ ಕೂಡ! ಅಲ್ಲಿಯವರೆಗೆ ಕರ್ನಲ್ಲಿನ ಪುಟಗಳು ಪ್ರತಿ ಪ್ರೋಗ್ರಾಮಿನ ಮೆಮೊರಿ ನಕ್ಷೆಯಲ್ಲೇ, ಬೀಗ ಹಾಕಿಕೊಂಡು ಇರುತ್ತಿದ್ದವು. ಲಿನಕ್ಸ್‌ನವರು ಅವನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದು, ಬೇರೆ ನಕ್ಷೆಯಲ್ಲಿಟ್ಟರು. ಇದರಿಂದ ಕೆಲವು ಕೆಲಸ ನಿಧಾನವಾಯಿತು. ಆಗಲಿ ಬಿಡಿ, ಗಾಜಿನ ಕೌಂಟರಿನ ಜಾಗಕ್ಕೆ ಗೋಡೆ ಕಟ್ಟಿದರೆ ಸುತ್ತಿಕೊಂಡು ಓಡಾಡಬೇಕಲ್ಲ.

ನಿಮ್ಮ ಶಾಲೆಯಲ್ಲಿ ಲಿನಕ್ಸ್ ಕಂಪ್ಯೂಟರ್ ಇದ್ದರೆ ಮೇಷ್ಟ್ರನ್ನು ಕೇಳಿ. ‘ಪ್ರಾಕ್’ ಎಂಬ ಫೋಲ್ಡರಿನಲ್ಲಿ ಓಡುತ್ತಿರುವ ಪ್ರತಿ ಪ್ರೋಗ್ರಾಮಿಗೂ ಒಂದು ಕೋಣೆ ಇರುತ್ತದೆ. ಅದರೊಳಗೆ ‘ಎಫ್‌ಡಿ’ ಎಂಬಲ್ಲಿ ಅದರ ಟೋಕನ್ ನಂಬರ್‌ಗಳು ಕಾಣುತ್ತವೆ. ಅದು ಲೆಡ್ಜರ್ ಎಂದುಕೊಳ್ಳಬೇಡಿ. ಕೇಳಿದಾಗ ಕರ್ನಲ್ ಬರೆದು ತೋರಿಸುವ ಪಾಸ್‌ಬುಕ್ ಅಷ್ಟೆ.