ತೂತು ಕೂರದಿದ್ರೆ ಬೋಲ್ಟ್ ಎಳೀಬೇಡಿ (ಭಾಗ 3)

ಬೈಕಿಗೆ ಹೊಸ ಕ್ರ್ಯಾಶ್ ಗಾರ್ಡ್ ತರ್ತೇವೆ. ತೂತಿಗೆ ತೂತು ಕೂರುವುದಿಲ್ಲ. "ಎಂತ ಆಗುದಿಲ್ಲ ಮಾರಾಯ, ಎಳ್ದು ಟೈಟ್ ಮಾಡುವ." ಈ ಮಾತೇ ತಪ್ಪು.

ಬೋಲ್ಟಿನ ಕೆಲಸ ಸರಿಯಾಗಿ ಕೂತ ಎರಡು ಭಾಗಗಳನ್ನು ಒತ್ತಿ ಹಿಡಿಯುವುದು, ಸೊಟ್ಟಗಿದ್ದದ್ದನ್ನು ನೇರ ಮಾಡುವುದಲ್ಲ. ಎಳೆಯುವುದಕ್ಕೇ ಅದರ ಬಲ ಖರ್ಚಾದ್ರೆ ಹಿಡಿಯಲು ಎಂತ ಉಳೀತದೆ? ಸಂಬಳವೆಲ್ಲ ಸಾಲದ ಕಂತಿಗೇ ಹೋದ ಹಾಗೆ. ದಿನಾ ಬೆಳುವಾಯಿ–ಮೂಡುಬಿದಿರೆ ಓಡಾಡುವ ಅದುರಾಟಕ್ಕೆ ನಟ್ ಸಡಿಲ ಆಗ್ತದೆ. ಓರೆಯಾಗಿ ತಿರುಗಿಸಿದ್ರೆ ಥ್ರೆಡ್ಡೂ ಹೋಗ್ತದೆ. ಬಿದ್ದಾಗ ಕಾಲು ಕಾಯಬೇಕಾದ ಗಾರ್ಡ್ ಅದು!

"ಇಷ್ಟು ಸಣ್ಣ ಸಂದಿಗೆ ಯಾಕೆ ಮಂಡೆಬಿಸಿ?" ಅನ್ನುವವರೇ, ಬೋಯಿಂಗ್ 787ರ ಬಾಡಿ ಭಾಗಗಳು ಸೇರುವಲ್ಲಿ ಬಿಡಬಹುದಾದ ಸಂದು ಸುಮಾರು 0.13 ಮಿಲಿಮೀಟರ್. ಅದಕ್ಕಿಂತ ದೊಡ್ಡ ಸಂದುಗಳೂ ಸೇರಿ ಹಲವು ದೋಷ ಸಿಕ್ಕಿ, 2021ರ ಮೇಯಿಂದ 2022ರ ಆಗಸ್ಟ್‌ವರೆಗೆ ಡೆಲಿವರಿಯೇ ನಿಂತಿತ್ತು.

ಎಲ್ಲ ಬೋಲ್ಟೂ ಮೊದಲು ಕೈಯಲ್ಲೇ ನಾಲ್ಕು ಸುತ್ತು ಹೋಗ್ಬೇಕು. ಹೋಗದಿದ್ರೆ ನಿಮ್ಮ ಮಾಡೆಲ್‌ಗೆ ಸರಿಯಾದ ಗಾರ್ಡ್ ತನ್ನಿ. ಸ್ಪ್ಯಾನರ್ ಆಮೇಲೆ. "ಬೇಗ ಮಾಡಿ ಅಣ್ಣ, ಕ್ಲಾಸಿಗೆ ಲೇಟಾಯ್ತು" ಅಂತ ಅವಸರ ಮಾಡುವುದು ನಾವು, ಕಡೆಗೆ ಬೈಗುಳ ಮೆಕ್ಯಾನಿಕ್‌ಗೆ. ಇದ್ಯಾವ ನ್ಯಾಯ?

ಮುಂದಿನ ಭಾಗ: ಚೈನ್.

#ಬೆಳುವಾಯಿ #ಮೂಡುಬಿದಿರೆ #ಬೈಕ್‌ಮಾತು